ಹೆಸರು ತೆಗೆದ ಪ್ರತಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಜರ್ನಲ್ಲಿಗೆ ಪೇಪರ್ ಕಳಿಸಿ ನೋಡು ಅನ್ನುವುದನ್ನು ಯಾಕೋ ಬಿಟ್ಟುಬಿಟ್ಟಿದ್ದಾರೆ. ಬರೆಯುವುದು ಅಂಥ ಕಷ್ಟವೇನಲ್ಲ, ಅತ್ತುಕೊಂಡಾದರೂ ಬರೆದು ಮುಗಿಸಬಹುದು. ಕಳಿಸುವುದಿದೆಯಲ್ಲ, ಅದು ಹಿಂದಿನ ಜನ್ಮದ ಕರ್ಮ. ಚಿತ್ರಗಳು ಬೇರೆ ಫೈಲಿನಲ್ಲಿರಬೇಕು, ಕೋಷ್ಟಕಗಳು ಒಂದೊಂದೂ ಪ್ರತ್ಯೇಕ ಪುಟದಲ್ಲಿರಬೇಕು, ಸಾಲು ಸಾಲಿಗೂ ನಂಬರ್ ಇರಬೇಕು, ಸಾರಾಂಶ ಇರಬೇಕು, ಆ ಸಾರಾಂಶಕ್ಕೆ ಇನ್ನೊಂದು ಸಾರಾಂಶ ಇರಬೇಕು, ಸಂಪಾದಕರಿಗೆ ವಿನಯದ ಪತ್ರ ಇರಬೇಕು, ಯಾರು ಯಾವ ಕೆಲಸ ಮಾಡಿದರು ಅನ್ನುವ ಹೇಳಿಕೆ ಇರಬೇಕು. ಮೂಗಿಗಿಂತ ಮೂಗುತಿ ಭಾರ. ನನ್ನ ಕಂಪ್ಯೂಟರಿನಲ್ಲಿ ಈ ಪೇಪರಿನ ಫೈಲುಗಳು ‘ಕೊನೆಯದು’, ‘ಕೊನೆಯದು ಹೊಸದು’, ‘ಇದೇ ಕೊನೆಯದು’, ‘ಆಣೆಗೂ ಕೊನೆಯದು’ ಅಂತ ಸಾಲಾಗಿ ನಿಂತಿದ್ದವು. ನನ್ನ ಗಂಡ ಒಂದು ದಿನ ಅದನ್ನು ನೋಡಿ, “ಮುಂದಿನದಕ್ಕೆ ‘ಅಯ್ಯೋ’ ಅಂತ ಹೆಸರಿಡು” ಅಂದ.

ಪೇಪರ್ ಇದ್ದದ್ದು ಹಕ್ಕಿಗಳ ಮೇಲೆ. ನಾನು ಮತ್ತು ನನ್ನ ಗೈಡ್ ಮೇಷ್ಟ್ರು, ನಾವಿಬ್ಬರೇ, ನಾಲ್ಕು ವರ್ಷ ಬೆಳಗಿನ ಹೊತ್ತು ಊರಿನ ಬೀದಿಗಳಲ್ಲಿ ನಿಂತು ಹಕ್ಕಿ ಎಣಿಸಿದ್ದೆವು. ಕೇಳುವುದಕ್ಕೆ ಸುಲಭದ ಕೆಲಸ. ಗೊತ್ತುಮಾಡಿದ ಒಂದು ಜಾಗದಲ್ಲಿ ಹತ್ತು ನಿಮಿಷ ಅಲುಗಾಡದೆ ನಿಲ್ಲಬೇಕು, ಕಂಡ ಹಕ್ಕಿ, ಕೂಗು ಕೇಳಿಸಿದ ಹಕ್ಕಿ ಎಲ್ಲವನ್ನೂ ಬರೆದುಕೊಳ್ಳಬೇಕು, ಆಮೇಲೆ ಮುಂದಿನ ಜಾಗಕ್ಕೆ ನಡೆಯಬೇಕು. ತರಕಾರಿ ಮಾರ್ಕೆಟ್ಟು, ಬಸ್ ನಿಲ್ದಾಣ, ಮೇಲ್ಸೇತುವೆಯ ಕೆಳಗಿನ ರಸ್ತೆ, ಇವೆಲ್ಲ ಗದ್ದಲದ ಬೀದಿಗಳು. ಆಸ್ಪತ್ರೆಯ ಹಿಂದಿನ ರಸ್ತೆ, ರೈಲ್ವೆಯವರ ಹಳೇ ವಸತಿ, ಸ್ಮಶಾನದ ಗೋಡೆ ಪಕ್ಕದ ದಾರಿ, ಇವು ಸದ್ದಿಲ್ಲದ ಬೀದಿಗಳು. ಗದ್ದಲದ ಕಡೆ ಮೇಷ್ಟ್ರು, ಸದ್ದಿಲ್ಲದ ಕಡೆ ನಾನು. ಸ್ಮಶಾನದ ಪಕ್ಕ ದಿನಾ ಬಂದು ಮೌನವಾಗಿ ನಿಲ್ಲುತ್ತಿದ್ದ ನನ್ನನ್ನು ಕಂಡು ಅಲ್ಲಿಯ ಕಾವಲುಗಾರ, “ಹೋದೋರು ಹೋದ್ರು ತಾಯಿ, ನೀವು ಊಟ ಬಿಡ್ಬೇಡಿ” ಅಂತ ಸಮಾಧಾನ ಹೇಳುತ್ತಿದ್ದ.

ಗದ್ದಲದ ಬೀದಿಗಳಲ್ಲಿ ಹಕ್ಕಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದ್ದವು. ನನ್ನ ಬೀದಿಗಳಲ್ಲಿ ಆಗಿರಲಿಲ್ಲ. ವಾಹನಗಳ ಸದ್ದಿಗೆ ಹಕ್ಕಿಗಳು ಬೀದಿ ಬಿಡುತ್ತಿವೆ ಎನ್ನುವುದು ಪೇಪರಿನ ತಿರುಳು. ನನ್ನ ಥೀಸಿಸ್ಸಿನ ತಿರುಳೂ ಅದೇ, ಅದರ ಮೂರು ಅಧ್ಯಾಯಗಳು ಈ ಒಂದು ಮಾತಿನ ಮೇಲೆ ನಿಂತಿದ್ದವು.

ಆಗಲೇ ಎರಡು ಸಲ ಅವಧಿ ವಿಸ್ತರಿಸಿಕೊಂಡವಳು ನಾನು. ಈ ತಿಂಗಳ ಒಳಗೆ ಪೇಪರ್ ಜರ್ನಲ್ಲಿಗೆ ಹೋಗಿ, ಅವರಿಂದ ‘ತಲುಪಿದೆ’ ಅಂತ ಉತ್ತರ ಬಂದು, ಅದನ್ನು ವಿಭಾಗಕ್ಕೆ ಒಪ್ಪಿಸದಿದ್ದರೆ ನನ್ನ ನೋಂದಣಿ ರದ್ದು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಓಡಿದ ಬೆಳಗುಗಳು, ಗಂಡನ ಜೊತೆ ಆಡಿದ ಜಗಳಗಳು, ಎಲ್ಲ ಮಣ್ಣುಪಾಲು. ಕಳಿಸುವ ಮುಂಚೆ ಗೈಡ್ ಸಹಿ ಬೇಕು. ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಬೆನ್ನ ಹಿಂದೆ ‘ಸುತ್ತೋಲೆ’ ಅನ್ನುತ್ತೇವೆ, ಯಾಕೆಂದರೆ ಆತ ಮನುಷ್ಯರ ಹಾಗೆ ಮಾತಾಡುವುದಿಲ್ಲ.

“ಅಂತಿಮ ಪ್ರತಿಯನ್ನು ಪೂರ್ತಿ ಓದಿದ್ದೇನೆ, ಒಪ್ಪಿದ್ದೇನೆ ಅಂತ ಗೈಡ್ ಸಹಿ ಹಾಕಿರ್ಬೇಕು. ನಿಯಮ,” ಅಂದರು ಸುತ್ತೋಲೆ.

“ಅವರಿಗೆ ಹುಷಾರಿಲ್ಲ ಸರ್.”

“ಸಂತೋಷ. ಸಹಿ ಬೇಕು.”

ಅವರಿಗೆ ಕಿವಿ ಕೇಳಿಸುವುದಿಲ್ಲ ಅಂತಲ್ಲ. ಸಂತೋಷ ಅನ್ನುವುದು ಅವರ ಬಾಯಲ್ಲಿ ಪೂರ್ಣವಿರಾಮ, ಅಷ್ಟೇ.

“ಬೇಕಾದ್ರೆ ಗೈಡ್ ಬದಲಾಯಿಸ್ಕೊಳ್ಳಿ. ಹೊಸ ಅರ್ಜಿ, ಹೊಸ ಸಮಿತಿ. ಒಂದು ವರ್ಷ ಆಗ್ಬಹುದು.”

ಆ ಒಂದು ವರ್ಷ ನನ್ನ ಹತ್ತಿರ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರಿಗೇ ವರ ಕೊಡುವುದು ಮರೆತುಹೋಗಿತ್ತು.

ಮೇಷ್ಟ್ರಿಗೆ ಇದ್ದದ್ದು ಮರೆವಿನ ಕಾಯಿಲೆ. ಹೋದ ವರ್ಷ, ನಮ್ಮ ಎಣಿಕೆಯೆಲ್ಲ ಮುಗಿದ ಮೇಲೆ, ಡಾಕ್ಟರು ಅದಕ್ಕೊಂದು ಹೆಸರು ಕೊಟ್ಟರು. ಅವರ ಹೆಂಡತಿ ಅದನ್ನು ನನ್ನೊಬ್ಬಳಿಗೆ ಹೇಳಿ, ಉಳಿದವರಿಗೆಲ್ಲ ‘ಹುಷಾರಿಲ್ಲ’ ಅನ್ನುವ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಅವರನ್ನು ನಾನು ಅಕ್ಕ ಅನ್ನುತ್ತೇನೆ. ಮೇಡಂ ಅಂದರೆ ಬಾಗಿಲು ತೆಗೆಯುವುದಿಲ್ಲ ಅಂತ ಮೊದಲ ದಿನವೇ ಹೇಳಿದ್ದರು.

ಮೇಷ್ಟ್ರು ಪೇಪರ್ ಓದುವ ಕ್ರಮವೇ ಬೇರೆ. ಕೆಂಪು ಪೆನ್ಸಿಲ್ ಹಿಡಿದು ಕೊನೆಯ ವಾಕ್ಯದಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ಓದುತ್ತಾರೆ. ಮೊದಲಿನಿಂದ ಓದಿದರೆ ಬರೆದವನು ನಮ್ಮ ಕೈ ಹಿಡಿದುಕೊಂಡು ತನಗೆ ಬೇಕಾದ ಕಡೆ ಕರೆದುಕೊಂಡು ಹೋಗಿಬಿಡುತ್ತಾನೆ, ಹಿಂದಿನಿಂದ ಬಂದರೆ ದಾರಿಯ ಗುಂಡಿಗಳೆಲ್ಲ ಕಾಣುತ್ತವೆ ಅನ್ನುವುದು ಅವರ ವಾದ. ಕಾಯಿಲೆ ಬಂದರೂ ಆ ಅಭ್ಯಾಸ ಹೋಗಿರಲಿಲ್ಲ. ಆದರೆ ಈಗ ಕೊನೆಯ ಪುಟದಿಂದ ಹೊರಟವರು ನಡುವಿಗೆ ಬರುವ ಹೊತ್ತಿಗೆ ಎಲ್ಲಿಂದ ಹೊರಟೆ ಅನ್ನುವುದು ಮರೆತು ಮತ್ತೆ ಕೊನೆಯ ಪುಟಕ್ಕೆ ಹೋಗುತ್ತಿದ್ದರು. ಸೋಮವಾರ ಹಾಕಿದ ಅಲ್ಪವಿರಾಮವನ್ನು ಮಂಗಳವಾರ ತೆಗೆಯುವರು. ಬುಧವಾರ, ಇದನ್ನ ಯಾರು ತೆಗೆದದ್ದು, ನಿನಗೆ ಇಷ್ಟೂ ಗೊತ್ತಾಗಲ್ವಾ ಅಂತ ನನಗೆ ಬೈದು ಮತ್ತೆ ಹಾಕುವರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ. ಸಹಿ ಹಾಕಿ ಸರ್ ಅಂದರೆ, “ಪೂರ್ತಿ ಓದ್ದೆ ಹಾಕಕ್ಕಾಗತ್ತಾ? ನಾಳೆ ಬಾ” ಅನ್ನುವರು. ನಾಳೆ ಅನ್ನುವುದು ಆ ಮನೆಗೆ ಬರುವುದನ್ನೇ ಬಿಟ್ಟಿತ್ತು.

“ಕೈ ಹಿಡಿದು ಹಾಕಿಸ್ಕೊಂಡು ಬಂದ್ಬಿಡು, ಯಾರಿಗೆ ಗೊತ್ತಾಗತ್ತೆ?” ಅಂದ ನನ್ನ ಗಂಡ. ಅವನ ಮೇಲೆ ನನಗೆ ವಿಪರೀತ ಸಿಟ್ಟು ಬಂತು, ಯಾಕೆಂದರೆ ನಾನೂ ಅದನ್ನೇ ಯೋಚಿಸುತ್ತಿದ್ದೆ.

ಜರ್ನಲ್ಲಿನವರ ಕೊನೆಯ ನಿಯಮವೊಂದಿತ್ತು. ಪೇಪರನ್ನು ಪರಿಶೀಲಿಸುವವರಿಗೆ ಬರೆದವರು ಯಾರು ಅಂತ ಗೊತ್ತಾಗಕೂಡದು. ಹಾಗಾಗಿ ಕಳಿಸುವ ಪ್ರತಿಯಲ್ಲಿ ನಮ್ಮ ಹೆಸರು, ನಮ್ಮ ವಿಭಾಗದ ಹೆಸರು, ಬೀದಿಗಳ ಹೆಸರು ಯಾವುದೂ ಇರಬಾರದು. ಒಂದು ಮಧ್ಯಾಹ್ನ ಕೂತು ನಮ್ಮನ್ನು ನಾನೇ ಅಳಿಸಿದೆ. ಮೇಷ್ಟ್ರ ಹೆಸರಿದ್ದ ಕಡೆ ‘ಲೇಖಕರಲ್ಲಿ ಒಬ್ಬರು’ ಅಂತ ಹಾಕಿದೆ, ನನ್ನ ಹೆಸರಿದ್ದ ಕಡೆ ‘ಇನ್ನೊಬ್ಬರು’. ಸ್ಮಶಾನದ ಕಾವಲುಗಾರನಿಗೆ ಹೇಳಿದ್ದ ಕೃತಜ್ಞತೆಯೂ ಹೋಯಿತು. ಎಲ್ಲ ಮುಗಿದ ಮೇಲೆ ಓದಿ ನೋಡಿದರೆ ಯಾರೋ ಎಲ್ಲಿಯೋ ಮಾಡಿದ ಕೆಲಸದ ಹಾಗೆ ಕಾಣುತ್ತಿತ್ತು, ನನಗೇ ಸ್ವಲ್ಪ ಗೌರವ ಬಂತು.

ಆ ಪ್ರತಿಯನ್ನೇ ಪ್ರಿಂಟ್ ತೆಗೆದು, ಮೇಲೆ ಸಹಿಯ ಫಾರಂ ಸಿಕ್ಕಿಸಿ, ಅಕ್ಕನ ಕೈಗೆ ಕೊಟ್ಟು ಬಂದೆ. “ಬೆಳಿಗ್ಗೆ ತಲೆ ತಿಳಿಯಾಗಿರೋ ಹೊತ್ತಲ್ಲಿ ಮುಂದೆ ಇಡಿ ಅಕ್ಕ. ಇದೇ ಕೊನೇದು” ಅಂದೆ. ಅಕ್ಕ ಅದನ್ನು ಎದೆಗೆ ಹಿಡಿದುಕೊಂಡರು. “ಇದೊಂದು ಅವರ ಹೆಸರಲ್ಲಿ ಬಂದುಬಿಡ್ಲಿ ಕಣೇ. ಆಮೇಲೆ ಏನಾದ್ರೂ ಆಗ್ಲಿ” ಅಂದರು. ಆ ಪ್ರತಿಯಲ್ಲಿ ಅವರ ಹೆಸರೇ ಇಲ್ಲ ಅಂತ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಮಾರನೆಯ ದಿನ ಅಕ್ಕನ ಫೋನ್ ಬಂತು. ದನಿಯಲ್ಲಿ ನಗು ಇತ್ತು, ಅದನ್ನು ಕೇಳಿ ಎಷ್ಟೋ ಕಾಲವಾಗಿತ್ತು.

“ಈಗ್ಲೇ ಬಾ. ತಿಂಡಿ ಆದಾಗಿನಿಂದ ಕೂತಿದಾರೆ, ಎದ್ದೇ ಇಲ್ಲ. ಹಳೇ ಥರ. ಒಂದೇ ಸಮ ಓದ್ತಿದಾರೆ, ಮತ್ತೆ ಕೊನೇ ಪುಟಕ್ಕೆ ಹೋಗ್ತಾ ಇಲ್ಲ. ನನ್ನ ಬೇರೆ ಗದರಿದ್ರು, ಸದ್ದು ಮಾಡ್ಬೇಡ ಅಂತ.”

ನಾನು ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತುಕೊಂಡೇ ಹೋದೆ.

ಅವರ ಓದುವ ಕೋಣೆ ಮಹಡಿಯಲ್ಲಿ. ಕಿಟಕಿಯ ಪಕ್ಕ ಮೇಜು, ಗೋಡೆಗೆ ಒರಗಿಸಿಟ್ಟ ಜರ್ನಲ್ಲಿನ ಹಳೇ ಕಟ್ಟುಗಳು, ಮೊಳೆಗೆ ನೇತುಹಾಕಿದ ಬೈನಾಕ್ಯುಲರ್. ಬಾಗಿಲ ಮೇಲೆ ಅಕ್ಕ ಒಂದು ಚೀಟಿ ಅಂಟಿಸಿದ್ದರು: ‘ಹೊರಗೆ ಹೋಗುವ ಮುಂಚೆ ನನ್ನನ್ನು ಕೂಗಿ.’ ಅದಕ್ಕೂ ಮೇಷ್ಟ್ರು ಕೆಂಪು ಪೆನ್ಸಿಲಿನಲ್ಲಿ ಒಂದು ಅಲ್ಪವಿರಾಮ ಹಾಕಿದ್ದರು.

“ಬಾ, ಬಾ. ಸರಿಯಾದ ಹೊತ್ತಿಗೆ ಬಂದೆ,” ಅಂದರು ಮೇಷ್ಟ್ರು. ಕಣ್ಣು ತಿಳಿಯಾಗಿತ್ತು, ನನ್ನ ಗುರುತಿತ್ತು. “ಕುರ್ಚಿ ಎಳ್ಕೋ. ಜರ್ನಲ್ನೋರು ಒಂದು ಪೇಪರ್ ಕಳಿಸಿದಾರೆ, ಪರಿಶೀಲನೆ ಮಾಡಿ ಅಂತ. ನೀನೂ ನೋಡು. ಇನ್ನು ಸ್ವಲ್ಪ ದಿನಕ್ಕೆ ನೀನೂ ಮಾಡ್ಬೇಕಾಗತ್ತೆ ಈ ಕೆಲಸ.”

ಅವರ ಕೈಯಲ್ಲಿದ್ದದ್ದು ನಮ್ಮ ಪೇಪರ್. ಅದರ ಸಹಿಯ ಫಾರಂ ಕಿತ್ತು ಪಕ್ಕಕ್ಕಿಟ್ಟು, ಅದರ ಮೇಲೆ ಟೀ ಲೋಟ ಇಟ್ಟಿದ್ದರು.

ಒಂದು ಗಳಿಗೆ ನನಗೆ ನಗುವೇ ಬಂತು. ಮೂವತ್ತು ವರ್ಷ ಬೇರೆಯವರ ಪೇಪರ್ ಪರಿಶೀಲಿಸಿದ ಮನುಷ್ಯ, ಹೆಸರಿಲ್ಲದ ಪೇಪರ್ ಕಂಡರೆ ಇನ್ನೇನು ಅಂದುಕೊಂಡಾರು. ಹೇಗೋ ಪೂರ್ತಿ ಓದಿದ್ದಾರಲ್ಲ, ಮೆಚ್ಚಿಕೊಂಡರೆ ಮೆಲ್ಲಗೆ ವಿಷಯ ಹೇಳಿ ಸಹಿ ಹಾಕಿಸಿಕೊಳ್ಳೋಣ ಅಂತ ಲೆಕ್ಕ ಹಾಕಿದೆ.

“ಯಾರದ್ದು ಸರ್ ಪೇಪರ್?”

“ಅದನ್ನ ಹೇಳ್ತಾರಾ? ಇಬ್ರು ಮಾಡಿರೋ ಕೆಲಸ. ಬರವಣಿಗೆ ನೋಡಿದ್ರೆ ಒಬ್ಬ ಹುಡುಗಿ ಬರ್ದಿದಾಳೆ ಅನ್ಸತ್ತೆ. ಬಹಳ ಅಚ್ಚುಕಟ್ಟು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ.”

ಇಷ್ಟು ವರ್ಷದಲ್ಲಿ ನನ್ನ ಬರವಣಿಗೆಯನ್ನು ಅವರು ಒಂದು ಸಲವೂ ಹೊಗಳಿರಲಿಲ್ಲ. ನನಗೆ ನಾಚಿಕೆಯಾಗುವಷ್ಟು ಖುಷಿಯಾಯಿತು.

“ಆದ್ರೆ ಪೇಪರ್ ನಿಲ್ಲಲ್ಲ,” ಅಂದರು ಮೇಷ್ಟ್ರು.

ಅವರು ಕೊನೆಯ ಕೋಷ್ಟಕವನ್ನು ನನ್ನ ಕಡೆ ತಿರುಗಿಸಿದರು. ಪೆನ್ಸಿಲಿನ ಮೊನೆ ನಡುಗದೆ ಒಂದು ಸಾಲಿನ ಮೇಲೆ ನಿಂತಿತು.

“ಸದ್ದಿಗೆ ಹಕ್ಕಿ ಓಡಿಹೋದ್ರೆ ಯಾವುದು ಮೊದಲು ಹೋಗ್ಬೇಕು? ಪುಕ್ಕಲು ಹಕ್ಕಿ ಹೋಗ್ಬೇಕು, ಅಲ್ವಾ? ಇಲ್ಲಿ ನೋಡು. ಎಲ್ಲಾ ಒಂದೇ ಸಮ ಕಮ್ಮಿ ಆಗಿವೆ. ಕಾಗೆನೂ, ಪಾರಿವಾಳನೂ. ತರಕಾರಿ ಮಾರೋ ಬೀದಿ ಅಂತ ಇವರೇ ಬರ್ದಿದಾರೆ. ತರಕಾರಿ ಮಾರ್ಕೆಟ್ಟಲ್ಲಿ ಕಾಗೆ ಕಮ್ಮಿ ಆಗತ್ತಾ?”

“ಅದಕ್ಕೆ ಕಾರಣ ಕೊಟ್ಟಿದಾರಲ್ಲ ಸರ್. ಕಸ ಎತ್ತೋ ರೀತಿ ಬದಲಾಗಿರ್ಬಹುದು ಅಂತ.” ಆ ಒಂದು ಪ್ಯಾರಾಕ್ಕೆ ನಾನು ಗ್ರಂಥಾಲಯವನ್ನೇ ಜಾಲಾಡಿದ್ದೆ.

“ಹೆತ್ತೋರಿಗೆ ಹೆಗ್ಗಣ ಮುದ್ದು. ಕಾರಣಕ್ಕೇನು, ಹುಡುಕಿದ್ರೆ ಸಿಗತ್ತೆ. ಇದನ್ನ ನೋಡು ಈಗ. ಬೆಳಿಗ್ಗೆ ಮೊದಲು ನಿಂತ ಜಾಗ. ನಾಲ್ಕು ವರ್ಷವೂ ಹಕ್ಕಿ ಅಷ್ಟೇ ಇವೆ. ಎರಡನೇ ಜಾಗ, ಸ್ವಲ್ಪ ಇಳಿದಿದೆ. ಆಮೇಲೆ ಇನ್ನೂ ಇಳಿದಿದೆ. ಕೊನೇ ಜಾಗಕ್ಕೆ ಬಂದ್ರೆ ಏನೂ ಇಲ್ಲ. ಇದು ಇವನ ಕೊನೇ ಜಾಗ ಅಂತ ಹಕ್ಕಿಗೇನು ಗೊತ್ತು?”

ನಾನು ಕೋಷ್ಟಕವನ್ನು ನೋಡಿದೆ. ಆ ಅಂಕಿಗಳನ್ನು ಟೈಪ್ ಮಾಡಿದವಳು ನಾನು, ಕೂಡಿಸಿದವಳು ನಾನು, ಬಣ್ಣಬಣ್ಣದ ನಕ್ಷೆ ಬರೆದವಳು ನಾನು. ಬೀದಿಗಳ ಸರಾಸರಿ ತೆಗೆದಿದ್ದೆನೇ ಹೊರತು, ಒಂದು ಬೆಳಗಿನೊಳಗೆ ಏನಾಯಿತು ಅಂತ ಯಾವತ್ತೂ ನೋಡಿರಲಿಲ್ಲ. ಈಗ ಅದು ಗೋಡೆಯ ಬಿರುಕಿನ ಹಾಗೆ ಎದ್ದು ಕಾಣುತ್ತಿತ್ತು.

“ಈಗ ಇಲ್ಲಿಗೆ ಬಾ,” ಮೇಷ್ಟ್ರು ಪುಟಗಳನ್ನು ಹಿಂದಕ್ಕೆ ತಿರುಗಿಸಿದರು. “ಎಣಿಸಿದ್ದು ಯಾರು? ಲೇಖಕರಲ್ಲಿ ಒಬ್ಬರು ಗದ್ದಲದ ಕಡೆ. ಇನ್ನೊಬ್ಬರು ಈ ಕಡೆ. ಕೊನೇವರೆಗೂ ಹಾಗೇ. ಅದಲುಬದಲು ಮಾಡೇ ಇಲ್ಲ. ನಾನು ನಿನಗೆ ಮೊದಲನೇ ದಿನ ಏನು ಹೇಳಿದ್ದೆ?”

“ಎಣಿಸೋರನ್ನ ಅದಲುಬದಲು ಮಾಡ್ತಾ ಇರ್ಬೇಕು ಅಂತ.”

“ಹಾಂ.”

ಅವರು ಹೇಳಿದ್ದು ನಿಜ. ಶುರುವಿನ ಅಭ್ಯಾಸದ ದಿನಗಳಲ್ಲಿ, ಲೆಕ್ಕ ಪೇಪರಿಗೆ ಸೇರುವ ಮುಂಚೆ, ನಾವು ಹಾಗೇ ಮಾಡಿದ್ದೆವು, ಒಂದು ವಾರ ನಾನು ಮಾರ್ಕೆಟ್ಟಿಗೆ, ಅವರು ಸ್ಮಶಾನಕ್ಕೆ. ಆಗ ನನ್ನ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಮಾರ್ಕೆಟ್ಟಿನಿಂದ ನಾನು ಮನೆ ಸೇರುವಷ್ಟರಲ್ಲಿ ಅತ್ತು ಅತ್ತು ಹೈರಾಣಾಗಿರುತ್ತಿದ್ದಳು. ಒಂದು ದಿನ ಮೇಷ್ಟ್ರೇ, “ನಿನ್ನ ಮನೆ ಹತ್ತಿರದ್ದು ನೀನು ನೋಡ್ಕೋ. ಮಗು ಏಳೋದ್ರೊಳಗೆ ವಾಪಸ್ ಹೋಗ್ಬಹುದು. ಈ ಕಡೆ ನಾನಿದೀನಿ” ಅಂದರು. ಅಲ್ಲಿಗೆ ಅದಲುಬದಲು ನಿಂತಿತು. ಅಂಥ ಗೈಡ್ ಸಿಗುವುದಕ್ಕೆ ಪುಣ್ಯ ಮಾಡಿರಬೇಕು ಅಂತ ನಮ್ಮತ್ತೆ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು.

“ಏನೋ ತೊಂದರೆ ಇದ್ದಿರ್ಬಹುದು ಸರ್ ಅವ್ರಿಗೆ. ಚಿಕ್ಕ ಮಗು ಗಿಗು,” ಅಂದೆ.

“ಇದ್ದಿರ್ಬಹುದು. ಪಾಪ. ಆದ್ರೆ ಈ ಮನುಷ್ಯನ್ನ ನೋಡು.” ಅವರು ‘ಲೇಖಕರಲ್ಲಿ ಒಬ್ಬರು’ ಅನ್ನುವುದರ ಕೆಳಗೆ ಗೆರೆ ಎಳೆದರು. “ಮೊದಲನೇ ವರ್ಷ ಎಷ್ಟು ಚೆನ್ನಾಗಿ ಎಣಿಸಿದಾನೆ. ಕೈ ಪಳಗಿದೋನು. ಎರಡನೇ ವರ್ಷದಿಂದ ಏನೋ ಆಗಿದೆ. ಒಂದು ಕಡೆ, ಹಿಂದಿನ ಜಾಗದ ಲೆಕ್ಕವನ್ನೇ ಮತ್ತೆ ಬರ್ದಿದಾನೆ. ಹಕ್ಕಿ ಅಲ್ಲಮ್ಮ ಕಮ್ಮಿ ಆಗಿರೋದು. ಎಣಿಸೋನು ಕಮ್ಮಿ ಆಗ್ತಾ ಬಂದಿದಾನೆ.”

ಬಾಗಿಲಲ್ಲಿ ಅಕ್ಕ ನನಗೆ ಟೀ ಹಿಡಿದುಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

“ಕಿವಿ ಇರ್ಬಹುದಾ ಸರ್?” ಅಂದೆ. ಕಿವಿ ಆಗಲಿ ಅಂತ ನಾನು ಬೇಡಿಕೊಳ್ಳುತ್ತಿದ್ದೆ.

“ಕಿವಿ ಆಗಿದ್ರೆ ಮೊದಲನೇ ಜಾಗದಲ್ಲೂ ಕೇಳಿಸ್ತಿರ್ಲಿಲ್ಲ. ಇದು ತಲೆ. ನಿಂತು ನಿಂತು ಯಾಕೆ ನಿಂತಿದೀನಿ ಅನ್ನೋದೇ ಮರೆತುಹೋಗಿರತ್ತೆ. ಅವನಿಗೇ ಗೊತ್ತಿಲ್ಲ ಅನ್ಸತ್ತೆ, ಗೊತ್ತಿದ್ರೆ ಬಿಟ್ಟುಬಿಡ್ತಿದ್ದ. ಯಾರೂ ಅವನಿಗೆ ಹೇಳಿಲ್ಲ ನೋಡು.”

ಅಕ್ಕ ಟೀ ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಕೆಳಗೆ ಹೋದರು. ಸ್ವಲ್ಪ ಹೊತ್ತಿಗೆ ನಾನೂ, ನೀರು ಕುಡಿದು ಬರ್ತೀನಿ ಸರ್ ಅಂತ ಎದ್ದೆ. ಅಡುಗೆಮನೆಯಲ್ಲಿ ಅಕ್ಕ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು.

“ನಿಮಗೆ ಗೊತ್ತಿತ್ತಾ ಅಕ್ಕ?”

ಅವರು ತಿರುಗಲಿಲ್ಲ. “ಒಂದು ದಿನ ಹೊತ್ತಾದ್ರೂ ಬರ್ಲಿಲ್ಲ ಅಂತ ಹುಡುಕ್ಕೊಂಡು ಹೋದೆ. ಬಸ್ ನಿಲ್ದಾಣದ ಹತ್ರ ನಿಂತಿದ್ರು. ಜನ ಅವರನ್ನ ತಳ್ಕೊಂಡು ಹೋಗ್ತಿದ್ರು. ನನ್ನ ನೋಡಿ, ನಾನು ಎಲ್ಲೀವರ್ಗೂ ಎಣಿಸಿದ್ದೆ ಅಂತ ನನ್ನನ್ನೇ ಕೇಳಿದ್ರು.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬಿಡಿಸ್ತಿದ್ದೆ. ಬೆಳಿಗ್ಗೆ ಎದ್ದು ಹೊರಡಕ್ಕೆ ಅದೊಂದೇ ಇದ್ದಿದ್ದು ಅವ್ರಿಗೆ.” ನಲ್ಲಿ ನಿಲ್ಲಿಸಿ ಸೆರಗಿನಲ್ಲಿ ಕೈ ಒರೆಸಿಕೊಂಡರು. “ಸುಮ್ನೆ ಕಳಿಸ್ಬಿಡು ಕಣೇ. ಸಹಿ ನಾನು ಹಾಕಿಸ್ತೀನಿ, ನಾನು ಹೇಳಿದ್ರೆ ಹಾಕ್ತಾರೆ. ಆ ವರ್ಷ ಎಷ್ಟು ಕಾಗೆ ಇದ್ವು ಅಂತ ಯಾರು ಬಂದು ಎಣಿಸ್ತಾರೆ ಈಗ? ನಿನ್ನ ಓದು ಮುಗಿಯತ್ತೆ. ಅವರ ಹೆಸರೂ ಬರತ್ತೆ. ಯಾರಿಗೇನು ನಷ್ಟ?”

ನನಗೆ ಅಕ್ಕನ ಮೇಲೆ ಕೂಗಾಡಬೇಕು ಅನ್ನಿಸಿತು. ನನ್ನ ನಾಲ್ಕು ವರ್ಷ ನಿಮ್ಮ ಗಂಡನ ಬೆಳಗಿನ ವಾಯುವಿಹಾರಕ್ಕೆ ಕೊಟ್ಟುಬಿಟ್ರಾ ಅಂತ ಕೇಳಬೇಕು ಅನ್ನಿಸಿತು. ಆದರೆ ಅವರು ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು. ಮತ್ತೆ, ಅವರ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಯಾರಿಗೂ ಹೇಳುತ್ತಿರಲಿಲ್ಲ. ಆಮೇಲೆ ನನಗೆ ಸಿಟ್ಟು ಮಾಡಿಕೊಳ್ಳುವುದಕ್ಕೆ ಯಾರೂ ಉಳಿಯಲಿಲ್ಲ, ಸುತ್ತೋಲೆಯೊಬ್ಬರನ್ನು ಬಿಟ್ಟು.

ತಲೆ ಮಾತ್ರ ತನ್ನ ಪಾಡಿಗೆ ದಾರಿ ಹುಡುಕುತ್ತಿತ್ತು. ಮೊದಲ ವರ್ಷದ ಲೆಕ್ಕ ಮಾತ್ರ ಇಟ್ಟುಕೊಂಡರೆ ಏನೂ ಉಳಿಯುವುದಿಲ್ಲ. ಹೊಸದಾಗಿ ಎಣಿಸೋಣವೆಂದರೆ ತಿಂಗಳು ಮುಗಿಯುತ್ತಾ ಬಂದಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದು ಸರಿಪಡಿಸೋಣವೆಂದರೆ, ‘ಎಣಿಸಿದವರಿಗೆ ಮರೆವಿನ ಕಾಯಿಲೆ ಇತ್ತು’ ಅಂತ ಬರೆಯಬೇಕು, ಅದನ್ನು ಅವರಿಗೇ ತೋರಿಸಿ ಸಹಿ ಕೇಳಬೇಕು. ಏನೂ ಗೊತ್ತಿಲ್ಲದವಳ ಹಾಗೆ ಕಳಿಸಿಬಿಡುವುದು ಬೆಳಿಗ್ಗೆಯವರೆಗೂ ಸಾಧ್ಯವಿತ್ತು, ಯಾಕೆಂದರೆ ಬೆಳಿಗ್ಗೆಯವರೆಗೂ ನನಗೆ ನಿಜವಾಗಿ ಏನೂ ಗೊತ್ತಿರಲಿಲ್ಲ.

“ಎಲ್ಲಿಗೆ ಹೋದ್ಯಮ್ಮ? ಪೆನ್ನು ತಗೊಂಡು ಬಾ,” ಅಂತ ಮೇಲಿನಿಂದ ಮೇಷ್ಟ್ರು ಕೂಗಿದರು.

ಹೋದೆ. ಅವರು ಬಿಳಿ ಹಾಳೆ ನನ್ನ ಮುಂದೆ ಸರಿಸಿದರು. “ನಾನು ಹೇಳ್ತೀನಿ, ಬರ್ಕೋ. ಮರೆಯೋ ಮುಂಚೆ ಬರ್ದುಬಿಡೋಣ. ಈಚೆಗೆ ಸ್ವಲ್ಪ ಮರೆವು.” ಕೊನೆಯ ಮಾತನ್ನು ನಗುತ್ತಾ ಹೇಳಿದರು, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವವರು ಹೇಳುವ ಹಾಗೆ.

ಬರೆದುಕೊಂಡೆ. ಪೇಪರಿನ ಬರವಣಿಗೆ ಸ್ಪಷ್ಟವಾಗಿದೆ. ಲೇಖಕರ ಪ್ರಾಮಾಣಿಕತೆಯ ಬಗ್ಗೆ ಸಂಶಯವಿಲ್ಲ. ಆದರೆ ಎರಡು ಬಗೆಯ ಬೀದಿಗಳನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಿರುವುದರಿಂದ ವ್ಯತ್ಯಾಸ ಹಕ್ಕಿಗಳದ್ದೋ ಎಣಿಸಿದವರದ್ದೋ ಹೇಳಲಾಗದು. ಅಂಕಿಗಳನ್ನು ನೋಡಿದರೆ ಅದು ಎಣಿಸಿದವರದ್ದೇ ಎಂದು ತೋರುತ್ತದೆ. ಆದ್ದರಿಂದ ಇದನ್ನು ಪ್ರಕಟಿಸಬಾರದು. ಇಷ್ಟು ಒಂದೇ ಉಸಿರಿನಲ್ಲಿ, ಎಲ್ಲೂ ತಡವರಿಸದೆ ಹೇಳಿದರು. ನನ್ನ ಪೇಪರನ್ನು ತಿರಸ್ಕರಿಸುವ ವರದಿಯನ್ನು ನನ್ನ ಕೈಬರಹದಲ್ಲಿ ನಾನು ಬರೆಯುತ್ತಿದ್ದೆ, ಅಕ್ಷರ ಕೂಡ ಚೆನ್ನಾಗಿ ಬರುತ್ತಿತ್ತು.

“ಇನ್ನೊಂದು ಸಾಲು,” ಅಂದರು. “ಎಣಿಸಿದ ಒಬ್ಬರ ಆರೋಗ್ಯವನ್ನ ಅವರ ಜೊತೆಯವರು ವಿಚಾರಿಸ್ಕೊಳ್ಳೋದು ಒಳ್ಳೇದು ಅಂತ. ಅದನ್ನ ಮೆತ್ತಗೆ ಬರಿ. ನೋವಾಗ್ಬಾರ್ದು.”

ಬರೆದೆ. ಹಾಳೆ ತೆಗೆದುಕೊಂಡು ಕೊನೆಯ ಸಾಲಿನಿಂದ ಹಿಂದಕ್ಕೆ ಓದಿದರು. ತಿದ್ದುವುದಕ್ಕೆ ಏನೂ ಇರಲಿಲ್ಲವೋ ಏನೋ, ಪೆನ್ಸಿಲ್ ಕೆಳಗಿಟ್ಟು ನನ್ನ ಪೆನ್ನು ಈಸಿಕೊಂಡು ಸಹಿ ಹಾಕಿದರು. ಹಳೆಯ ಸಹಿ, ಕೆಳಗೆ ಒಂದು ಗೆರೆ, ಗೆರೆಯ ಕೊನೆಗೆ ಚುಕ್ಕೆ. ಯಾವ ಸಹಿಗಾಗಿ ಇಷ್ಟು ದಿನ ಆ ಮನೆಯ ಮೆಟ್ಟಿಲು ಸವೆಸಿದ್ದೆನೋ ಅದೇ ಸಹಿ. ಪಕ್ಕದಲ್ಲಿ ಟೀ ಲೋಟದ ಕೆಳಗೆ ನನ್ನ ಫಾರಂ ಇತ್ತು, ಅದರ ಮೇಲೆ ಕಂದು ಬಣ್ಣದ ಉಂಗುರ ಮೂಡಿತ್ತು.

“ಇವತ್ತೇ ಕಳಿಸ್ಬಿಡು. ತಡ ಮಾಡಿದ್ರೆ ಆ ಹುಡುಗಿ ಸುಮ್ನೆ ಕಾಯ್ತಿರ್ತಾಳೆ.”

“ಆಯ್ತು ಸರ್.”

ಅವರಿಗೆ ಇನ್ನೂ ಸಮಾಧಾನವಿರಲಿಲ್ಲ. ಪೇಪರಿನ ಮೇಲೆ ಬೆರಳಿನಿಂದ ತಟ್ಟುತ್ತಾ ಕೂತರು.

“ನನಗೆ ಬೇಜಾರಾಗೋದು ಏನು ಗೊತ್ತಾ? ಇವಳಿಗೂ ಒಬ್ಬ ಗೈಡ್ ಇರ್ತಾನಲ್ಲ. ಅವನೇನು ಮಾಡ್ತಿದ್ದ? ಇದು ಮೊದಲನೇ ವರ್ಷನೇ ಹಿಡೀಬೇಕಾದ ತಪ್ಪು. ನಾಲ್ಕು ವರ್ಷ ಈ ಮಗೂನ ಬೀದಿಲಿ ನಿಲ್ಲಿಸಿದಾನೆ. ಅವನಿಗೆ ನಾಚ್ಕೆ ಆಗ್ಬೇಕು.”

“ಒಳ್ಳೆಯವರೇ ಇರ್ಬಹುದು ಸರ್ ಅವ್ರು,” ಅಂದೆ. ಪೆನ್ನಿನ ಮುಚ್ಚಳ ಹುಡುಕುವ ಹಾಗೆ ಮಾಡಿದೆ.

“ಒಳ್ಳೆಯೋನಾಗಿದ್ರೆ ಸಾಕಾ? ನೋಡ್ಕೋಬೇಕಲ್ವಾ?”

ಪೇಪರ್, ವರದಿ, ಫಾರಂ ಎಲ್ಲ ಜೋಡಿಸಿ ಚೀಲಕ್ಕೆ ಹಾಕಿಕೊಂಡೆ. ಕೆಳಗೆ ಅಕ್ಕ ಮೆಟ್ಟಿಲ ಬುಡದಲ್ಲಿ ಬಂದು ನಿಂತದ್ದು ಕಾಣಿಸುತ್ತಿತ್ತು. ಸಹಿ ಆಯ್ತಾ ಅಂತ ಅವರು ಕೇಳುತ್ತಾರೆ. ಆಯ್ತು ಅಂತಲೇ ಹೇಳಬೇಕು, ಅದು ಸುಳ್ಳೂ ಅಲ್ಲ. ತಿಂಗಳ ಕೊನೆಗೆ ಸುತ್ತೋಲೆ ನನ್ನ ಹೆಸರನ್ನು ಹೊಡೆದುಹಾಕಿ ಸಂತೋಷ ಅನ್ನುತ್ತಾರೆ. ಅದನ್ನು ತಡೆಯುವುದಕ್ಕೆ ನನ್ನಿಂದ ಆಗುವುದು ಇನ್ನೇನೂ ಇರಲಿಲ್ಲ.

ಬಾಗಿಲ ಹತ್ತಿರ ಹೋದಾಗ ಮೇಷ್ಟ್ರು ಹಿಂದಿನಿಂದ ಕರೆದರು.

“ಅದಿರ್ಲಿ, ನಿನ್ನದು ಎಲ್ಲಿಗೆ ಬಂತು? ನಿನ್ನ ಪೇಪರ್?”

ತಿರುಗಿ ನೋಡಿದೆ. ಕಿಟಕಿಯ ಬೆಳಕಿನಲ್ಲಿ ಅವರು ಎಷ್ಟೋ ವರ್ಷ ಚಿಕ್ಕವರ ಹಾಗೆ ಕಾಣುತ್ತಿದ್ದರು. ಒಳ್ಳೆಯ ಕೆಲಸವೊಂದನ್ನು ಮಾಡಿ ಮುಗಿಸಿದ ಸುಸ್ತು ಮುಖದಲ್ಲಿತ್ತು.

“ಇನ್ನೂ ಸ್ವಲ್ಪ ಇದೆ ಸರ್.”

“ಇರ್ಲಿ, ಇರ್ಲಿ. ನಿಧಾನಕ್ಕೆ ಮಾಡು, ಯಾರು ಅಟ್ಟಿಸ್ಕೊಂಡು ಬರ್ತಿದಾರೆ? ನಾನಿದೀನಲ್ಲ.” ಕೆಂಪು ಪೆನ್ಸಿಲನ್ನು ಎತ್ತಿ ನನ್ನ ಕಡೆ ತೋರಿಸಿದರು. “ಆದ್ರೆ ಒಂದು ಮಾತು. ನನಗೆ ತೋರಿಸ್ದೆ ಮಾತ್ರ ಎಲ್ಲಿಗೂ ಕಳಿಸ್ಬೇಡ.”

“ಇಲ್ಲ ಸರ್,” ಅಂದೆ. “ನಿಮಗೆ ತೋರಿಸ್ದೆ ಕಳಿಸಲ್ಲ.”